ಅನುದಾನ ಬಂದದ್ದು ಫೆಬ್ರುವರಿಯಲ್ಲಿ, ಖರ್ಚಾಗಬೇಕಾದದ್ದು ಮಾರ್ಚ್ 31ರೊಳಗೆ: ಲಕ್ಷ ಕೋಟಿಯ ನಿಧಿಯಿಂದ ನಮ್ಮಂಥವರಿಗೆ ಏನಾದರೂ ಬದಲಾಗುವುದೇ?

ತೆಳುಪದರ

ವೇದಿಕೆಯ ಸದಸ್ಯರಿಗೆ ನಮಸ್ಕಾರ. ನಾನು ರಾಜ್ಯದ ಒಂದು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ ಹನ್ನೊಂದು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಗಾಜಿನ ಮೇಲೆ ಲೋಹದ ಆಕ್ಸೈಡಿನ ತೆಳುಪದರ ಕೂರಿಸಿ, ಅಮೋನಿಯದಂಥ ಅನಿಲ ಸೋಕಿದಾಗ ಆ ಪದರದ ವಿದ್ಯುತ್ ರೋಧ ಎಷ್ಟು ಏರುಪೇರಾಗುತ್ತದೆ ಎಂದು ಅಳೆಯುವುದು ನನ್ನ ಸಂಶೋಧನೆಯ ವಿಷಯ. ಮೂರು ವರ್ಷಗಳ ಯೋಜನೆಯೊಂದಕ್ಕೆ ಕಳೆದ ಆಗಸ್ಟ್‌ನಲ್ಲಿ ಮಂಜೂರಾತಿ ಪತ್ರ ಬಂತು, ಮೊದಲ ಕಂತಿನ ಹಣ ಬಂದದ್ದು ಈ ಫೆಬ್ರುವರಿ 9ರಂದು. ಖರ್ಚಾಗದೆ ಉಳಿದದ್ದು ಮಾರ್ಚ್ 31ಕ್ಕೆ ತಾನಾಗಿ ವಾಪಸು ಹೋಗುತ್ತದೆ ಎಂದು ನಮ್ಮ ಹಣಕಾಸು ಶಾಖೆಯವರು ಮರುದಿನವೇ ಟಿಪ್ಪಣಿ ಕಳುಹಿಸಿದರು. ಟೆಂಡರ್ ಕರೆಯುವುದಕ್ಕೇ ಆರು ವಾರ ಸಾಲದು.

ಹಿಂದಿನ ಯೋಜನೆಯಲ್ಲಿ ಇದೇ ರೀತಿ ತರಾತುರಿಯಲ್ಲಿ ಕೊಂಡ ನಿರ್ವಾತ ಪಂಪೊಂದು ಎರಡು ವರ್ಷಗಳಿಂದ ನಮ್ಮ ಕಾರಿಡಾರಿನಲ್ಲಿ, ಮರದ ಪೆಟ್ಟಿಗೆಯೊಳಗೇ ಇದೆ. ಪ್ರಯೋಗಾಲಯಕ್ಕೆ ತ್ರೀ ಫೇಸ್ ಲೈನ್ ಇಲ್ಲ ಎಂಬುದನ್ನು ಆರ್ಡರ್ ಹಾಕುವ ಗಡಿಬಿಡಿಯಲ್ಲಿ ಯಾರೂ ಗಮನಿಸಲಿಲ್ಲ, ನಾನೂ ಸೇರಿದಂತೆ. ಆ ಪೆಟ್ಟಿಗೆಯ ಮೇಲೆ ಈಗ ಎಂ.ಎಸ್ಸಿ. ವಿದ್ಯಾರ್ಥಿಗಳು ಊಟದ ಡಬ್ಬಿ ಇಡುತ್ತಾರೆ.

ಪತ್ರಿಕೆ ತೆರೆದರೆ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿ, ಸಂಶೋಧನೆ ಮತ್ತು ನಾವೀನ್ಯಕ್ಕೆಂದು ಪ್ರತ್ಯೇಕವಾಗಿ 1 ಲಕ್ಷ ಕೋಟಿಯ ನಿಧಿ, ಕ್ವಾಂಟಮ್ ಮಿಷನ್ನಿಗೆ 6,003 ಕೋಟಿ ಎಂದು ಓದುತ್ತೇನೆ. ನನ್ನ ಪ್ರಶ್ನೆ ಇಷ್ಟೇ. ಈ ಅಂಕಿಗಳು ನನ್ನ ಕಾರಿಡಾರಿನವರೆಗೆ ಬರುವ ದಾರಿ ಯಾವುದು? ಬಲ್ಲವರು ತಿಳಿಸಬೇಕು.

ತಕರಾರು

ಬರುವ ದಾರಿ ಇಲ್ಲ ಮೇಡಂ. ಆ ಹಣ ಹೋಗಬೇಕಾದ ಊರುಗಳು ಮೊದಲೇ ನಿಶ್ಚಯವಾಗಿವೆ. ಕ್ವಾಂಟಮ್ ಮಿಷನ್ನಿನ ನಾಲ್ಕು ಕೇಂದ್ರಗಳು ಎಲ್ಲಿವೆ ನೋಡಿ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮದ್ರಾಸ್, ಬಾಂಬೆ ಮತ್ತು ದೆಹಲಿ ಐಐಟಿಗಳು. ಉಳಿದವರು ಪತ್ರಿಕೆ ಓದಬಹುದು.

ಲೆಕ್ಕದ ಪುಸ್ತಕ

ನಾನು ಮೂವತ್ತೊಂದು ವರ್ಷ ಲೆಕ್ಕಪತ್ರ ಶಾಖೆಯಲ್ಲಿದ್ದು ನಿವೃತ್ತನಾದವನು. ಇಂಥ ಚರ್ಚೆಗಳಲ್ಲಿ ಎಲ್ಲರೂ ಕಡೆಗೆ ನಮ್ಮ ಶಾಖೆಯ ಕಡೆಗೇ ಬೆರಳು ತೋರಿಸುವುದರಿಂದ ಮೊದಲೇ ಒಂದೆರಡು ಮಾತು ಹೇಳಿಬಿಡುತ್ತೇನೆ.

ಹಿಂದೆ ಅನುದಾನ ನೇರವಾಗಿ ಸಂಸ್ಥೆಯ ಬ್ಯಾಂಕ್ ಖಾತೆಗೆ ಬಂದು ಬೀಳುತ್ತಿತ್ತು. ಯೋಜನೆ ಕುಂಟುತ್ತಿದ್ದರೆ ಹಣ ವರ್ಷಗಟ್ಟಲೆ ಅಲ್ಲೇ ಕೂರುತ್ತಿತ್ತು. ದೇಶದ ತುಂಬ ಇಂಥ ಸಾವಿರಾರು ಖಾತೆಗಳಲ್ಲಿ ಹಣ ನಿದ್ದೆ ಮಾಡುತ್ತಿರುವಾಗ, ಅದೇ ಸರ್ಕಾರ ಖರ್ಚಿಗೆಂದು ಮಾರುಕಟ್ಟೆಯಿಂದ ಬಡ್ಡಿಗೆ ಸಾಲ ಎತ್ತುತ್ತಿತ್ತು. ಆದ್ದರಿಂದಲೇ ಈಚಿನ ವರ್ಷಗಳಲ್ಲಿ ಶೂನ್ಯ ಬಾಕಿ ಖಾತೆಯ ಪದ್ಧತಿ ಬಂದಿದೆ. ನಿಮಗೆ ಸಿಗುವುದು ಹಣವಲ್ಲ, ಖರ್ಚು ಮಾಡುವ ಮಿತಿ. ಬಿಲ್ ಪಾಸಾದಾಗ ಹಣ ಖಜಾನೆಯಿಂದ ನೇರವಾಗಿ ಮಾರಾಟಗಾರನಿಗೆ ಹೋಗುತ್ತದೆ, ಆರ್ಥಿಕ ವರ್ಷ ಮುಗಿದೊಡನೆ ಆ ಮಿತಿಯೂ ಮುಗಿಯುತ್ತದೆ. ಖಜಾನೆಯ ಕಡೆಯಿಂದ ನೋಡಿದರೆ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಪ್ರಯೋಗಾಲಯದ ಕಡೆಯಿಂದ ನೋಡಿದರೆ ಕಷ್ಟ ನಿಮಗೇ ಗೊತ್ತಿದೆ.

ಆದರೆ ಒಂದು ವಿಚಾರವನ್ನು ನಿಮ್ಮ ಹಣಕಾಸು ಶಾಖೆಯವರಿಗೆ ನೆನಪಿಸಬಹುದು. ಸಾಮಾನ್ಯ ಹಣಕಾಸು ನಿಯಮಗಳು, 2017ರ 62ನೇ ನಿಯಮವು ಆರ್ಥಿಕ ವರ್ಷದ ಕೊನೆಯ ತಿಂಗಳುಗಳಲ್ಲಿ ಖರ್ಚಿಗೆ ಮುಗಿಬೀಳುವುದನ್ನು ಹಣಕಾಸಿನ ಔಚಿತ್ಯದ ಉಲ್ಲಂಘನೆ ಎಂದೇ ಪರಿಗಣಿಸುತ್ತದೆ. ಅಂದರೆ ಫೆಬ್ರುವರಿಯಲ್ಲಿ ಹಣ ಕೊಟ್ಟು ಮಾರ್ಚ್‌ನಲ್ಲಿ ಮುಗಿಸಿ ಎನ್ನುವುದು ಅದೇ ನಿಯಮಪುಸ್ತಕದ ಆಶಯಕ್ಕೆ ವಿರುದ್ಧ.

ತೆಳುಪದರ

62ನೇ ನಿಯಮದ ವಿಷಯ ನನಗೆ ಗೊತ್ತಿರಲಿಲ್ಲ, ಸರ್. ಗೊತ್ತಿದ್ದರೂ ಅದನ್ನು ಎತ್ತಿ ತೋರಿಸುವ ಧೈರ್ಯ ನನಗಿತ್ತೇ ಎಂಬುದು ಬೇರೆ ಮಾತು.

ನಾಲ್ಕನೇ ವರ್ಷ

ನಾನು ಸಂಶೋಧನಾರ್ಥಿ. ಇಲ್ಲಿ ಎಲ್ಲರೂ ಉಪಕರಣಗಳ ಬಗ್ಗೆ ಮಾತನಾಡುತ್ತಿದ್ದೀರಿ. ಮನುಷ್ಯರ ಬಗ್ಗೆಯೂ ಸ್ವಲ್ಪ ಮಾತನಾಡಬೇಕೆಂದು ಕೋರುತ್ತೇನೆ.

ಕಿರಿಯ ಸಂಶೋಧನಾ ಫೆಲೋಶಿಪ್ 31,000 ರೂಪಾಯಿಯಿಂದ 37,000ಕ್ಕೆ ಏರಿತು, ಹಿರಿಯರದು 35,000ದಿಂದ 42,000ಕ್ಕೆ. 2023ರ ಜನವರಿ 1ರಿಂದ ಅನ್ವಯವಾಗುವಂತೆ ಆದೇಶ ಬಂದದ್ದು ಅದೇ ವರ್ಷದ ನಡುವಿನಲ್ಲಿ, ಅದೂ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಬೀದಿಗಿಳಿದ ಮೇಲೆ. ಮೊತ್ತದ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ (ಈ ಹೆಸರಿನ ಸದಸ್ಯರು ಕ್ಷಮಿಸಬೇಕು). ತಕರಾರಿರುವುದು ಅದು ಬರುವ ದಿನದ ಬಗ್ಗೆ. ಕಳೆದ ವರ್ಷ ನನಗೆ ಐದು ತಿಂಗಳ ಫೆಲೋಶಿಪ್ ಒಟ್ಟಿಗೆ ಬಂತು. ಆ ಐದು ತಿಂಗಳು ಮೆಸ್ಸಿನ ಲೆಕ್ಕ ಬರೆಯುವ ಅಣ್ಣನ ಪುಸ್ತಕದಲ್ಲಿ ನನ್ನ ಹೆಸರಿನ ಮುಂದಿನ ಸಾಲು ಉದ್ದವಾಗುತ್ತಲೇ ಹೋಯಿತು. ಅವರು ಒಂದು ದಿನವೂ ಕೇಳಲಿಲ್ಲ, ಆದರೆ ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿ ಇಡುತ್ತಿದ್ದರು.

ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ ಪಡೆದವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 70,000 ರೂಪಾಯಿ, ಕೊನೆಗೆ 80,000 ಎಂದು ನಿಗದಿಯಾಗಿದೆ. ಒಂದೇ ಉಪಕರಣದ ಮುಂದೆ ಸರದಿಗಾಗಿ ಕಾಯುವ ಇಬ್ಬರ ನಡುವೆ ಇಷ್ಟು ಅಂತರ ಏಕೆ ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ತಕರಾರು

ಕ್ಷಮಿಸಿದ್ದೇನೆ.

ಪೀಣ್ಯ ಎರಡನೇ ಹಂತ

ಇಲ್ಲಿ ಎರಡು ಬೇರೆ ಬೇರೆ ನಿಧಿಗಳು ಒಂದರೊಳಗೊಂದು ಕಲಸಿಹೋಗುತ್ತಿವೆ. ಮೊದಲು ಅವನ್ನು ಬಿಡಿಸೋಣ.

ಅನುಸಂಧಾನ ಪ್ರತಿಷ್ಠಾನ 2023ರ ಕಾಯ್ದೆಯಿಂದ ಬಂದದ್ದು. 2008ರ ಕಾಯ್ದೆಯಡಿ ಕೆಲಸ ಮಾಡುತ್ತಿದ್ದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ ಅದರಲ್ಲಿ ವಿಲೀನವಾಯಿತು. ಅಧ್ಯಾಪಕರಿಗೆ ಸಿಗುವ ಅನುದಾನ ಅಲ್ಲಿಯದು. ಹೇಳಿದ 50,000 ಕೋಟಿಯಲ್ಲಿ ಸರ್ಕಾರದ ಪಾಲು 14,000 ಕೋಟಿ ಮಾತ್ರ. ಉಳಿದ 36,000 ಕೋಟಿ ಉದ್ದಿಮೆಗಳು, ಸಾರ್ವಜನಿಕ ವಲಯದ ಕಂಪನಿಗಳು, ದಾನಿಗಳು ಮುಂತಾದವರಿಂದ ಬರಬೇಕು ಎಂಬುದು ನಿರೀಕ್ಷೆ. ನಿರೀಕ್ಷೆಯನ್ನು ನಾವು ಬ್ಯಾಂಕಿನಲ್ಲಿ ಡಿಪಾಸಿಟ್ ಮಾಡಲಾಗದು.

1 ಲಕ್ಷ ಕೋಟಿಯದು ಬೇರೆಯೇ ಕಥೆ. 2025ರ ಜುಲೈ 1ರಂದು ಸಚಿವ ಸಂಪುಟ ಒಪ್ಪಿದ ಆ ಯೋಜನೆಯಲ್ಲಿ ಅನುದಾನವೇ ಇಲ್ಲ. ಹಣ ಮೊದಲು ಪ್ರತಿಷ್ಠಾನದೊಳಗಿನ ವಿಶೇಷ ನಿಧಿಗೆ ಬಂದು, ಅಲ್ಲಿಂದ ಎರಡನೇ ಹಂತದ ನಿಧಿ ನಿರ್ವಾಹಕರಿಗೆ ಹೋಗಿ, ಅವರ ಮೂಲಕ ಕಂಪನಿಗಳಿಗೆ ಕಡಿಮೆ ಬಡ್ಡಿಯ ಅಥವಾ ಬಡ್ಡಿಯಿಲ್ಲದ ದೀರ್ಘಾವಧಿ ಸಾಲವಾಗಿಯೋ, ನವೋದ್ಯಮಗಳಲ್ಲಾದರೆ ಷೇರು ಬಂಡವಾಳವಾಗಿಯೋ ತಲುಪಬೇಕು. ಅದೂ ಬರೀ ಯೋಚನೆಯಿಂದ ಬಳಕೆಗೆ ಸಿದ್ಧವಾದ ವಸ್ತುವಿನವರೆಗೆ ಎಣಿಸುವ ತಂತ್ರಜ್ಞಾನ ಸಿದ್ಧತೆಯ ಒಂಬತ್ತು ಮೆಟ್ಟಿಲುಗಳಲ್ಲಿ ನಾಲ್ಕನೆಯದನ್ನಾದರೂ ತಲುಪಿದ ಯೋಜನೆಗಳಿಗೆ ಮಾತ್ರ. ಮೇಡಂ ಅವರ ತೆಳುಪದರ ಇನ್ನೂ ಎರಡನೆಯದೋ ಮೂರನೆಯದೋ ಮೆಟ್ಟಿಲಿನಲ್ಲಿರಬಹುದು. ಆದ್ದರಿಂದ ಆ ಅಂಕಿಯನ್ನು ನೋಡಿ ಅವರು ಆಸೆಯನ್ನೂ ಪಡಬೇಕಾಗಿಲ್ಲ, ನೊಂದುಕೊಳ್ಳಬೇಕಾಗಿಯೂ ಇಲ್ಲ.

ನಾನು ಸಂವೇದಕಗಳ ಜೋಡಣೆಯ ಸಣ್ಣ ಘಟಕ ನಡೆಸುತ್ತೇನೆ. ನನ್ನ ಮಟ್ಟಿಗೆ ಈ ಸಾಲ ಒಳ್ಳೆಯದೇ. ನಮ್ಮಲ್ಲಿ ಬ್ಯಾಂಕುಗಳು ಯಂತ್ರ ಅಡವಿಟ್ಟುಕೊಂಡು ಸಾಲ ಕೊಡುತ್ತವೆ, ಯೋಚನೆಯನ್ನು ಅಡವಿಟ್ಟುಕೊಳ್ಳುವುದಿಲ್ಲ.

ತಕರಾರು

ಅಂದರೆ ಸರ್ಕಾರ ಕೊಡುವುದು ಸಾಲ, ಕಂಪನಿಗಳು ಕೊಡಬೇಕಾದದ್ದು ದಾನ. ಕೊಡುವವರು ಯಾರು ಸ್ವಾಮಿ? ದೇಶದ ಒಟ್ಟು ಸಂಶೋಧನಾ ವೆಚ್ಚ ಜಿಡಿಪಿಯ ಶೇ. 0.64ರಷ್ಟು ಎಂಬುದು 2020-21ರ ಅಧಿಕೃತ ಲೆಕ್ಕ. ಅದರಲ್ಲಿ ಖಾಸಗಿ ಉದ್ದಿಮೆಗಳ ಪಾಲು ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಚೀನಾ, ದಕ್ಷಿಣ ಕೊರಿಯಾಗಳಲ್ಲಿ ಆ ಪಾಲು ಮುಕ್ಕಾಲಿಗಿಂತಲೂ ಹೆಚ್ಚಿದೆ. ನಮ್ಮ ಸಾಹುಕಾರರು ಸಂಶೋಧನೆಗೆ ಹಣ ಹಾಕುವುದಕ್ಕಿಂತ ಮದುವೆಗೆ ಹಾಕುತ್ತಾರೆ.

ಕುಣಿಗಲ್ ಕುದುರೆ

ದಾನಿಗಳೇ ಇಲ್ಲ ಎನ್ನುವುದು ನಮ್ಮ ನಾಡಿನ ಮಟ್ಟಿಗೆ ಪೂರ್ತಿ ನಿಜವಲ್ಲ. ಜೆಮ್‌ಶೆಟ್‌ಜಿ ಟಾಟಾ ಅವರ ಸಂಕಲ್ಪ ಮತ್ತು ಹಣ, ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಭೂಮಿ, ಇವೆರಡೂ ಸೇರಿದ್ದರಿಂದಲೇ 1909ರಲ್ಲಿ ವಿಜ್ಞಾನ ಸಂಸ್ಥೆ ಹುಟ್ಟಿತು. ಬೆಂಗಳೂರಿನವರು ಇಂದಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ, ಬಸ್ ಕಂಡಕ್ಟರ್ ಕೂಡ.

ನಾನು ಹೇಳಬೇಕೆಂದಿರುವುದು ಅದೇ ಆವರಣದಿಂದ ಹೊರಟ ಇನ್ನೊಂದು ಕೆಲಸದ ಬಗ್ಗೆ. 1974ರಲ್ಲಿ ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿ ಅವರು ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವ ‘ಅಸ್ತ್ರ’ ಎಂಬ ಕೇಂದ್ರವನ್ನು ಅಲ್ಲಿ ಆರಂಭಿಸಿದರು. ಮರುವರ್ಷ, 1975ರಲ್ಲಿ, ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಅದೇ ಆವರಣದಲ್ಲಿ ಸ್ಥಾಪನೆಯಾಯಿತು. ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅಸ್ತ್ರದ ವಿಸ್ತರಣಾ ಕೇಂದ್ರವಿತ್ತು. ಮೂರು ಪಾತ್ರೆ ಕೂರುವ, ಹೊಗೆಯನ್ನು ಕೊಳವೆಯಿಂದ ಮಾಡಿನಾಚೆಗೆ ಕಳಿಸುವ ಅಸ್ತ್ರ ಒಲೆ ಅಲ್ಲಿಯ ಕೆಲಸದಿಂದ ಬಂದದ್ದು. ನಮ್ಮ ಮನೆಯಲ್ಲೂ ಒಂದಿತ್ತು. ಅಮ್ಮ ಅದರ ಮೂರನೆಯ ಕಣ್ಣಿನ ಮೇಲೆ ಯಾವಾಗಲೂ ಸ್ನಾನದ ನೀರು ಇಡುತ್ತಿದ್ದಳು, ಅಲ್ಲಿ ಬೇರೇನೂ ಬೇಯುವುದಿಲ್ಲ ಎಂಬುದು ಅವಳ ಖಚಿತ ಅಭಿಪ್ರಾಯವಾಗಿತ್ತು.

ಹತ್ತಿರದ ಪುರ ಎಂಬ ಊರಿನಲ್ಲಿ ನಡೆದದ್ದು ಒಲೆಗಿಂತ ಸ್ವಾರಸ್ಯದ್ದು. ಊರಿನ ದನಗಳ ಸಗಣಿಯನ್ನೆಲ್ಲ ಒಟ್ಟುಮಾಡಿ, ಸಾಮೂಹಿಕ ಗೋಬರ್ ಅನಿಲ ಸ್ಥಾವರ ಕಟ್ಟಿ, ಮನೆ ಮನೆಗೆ ಅಡುಗೆ ಅನಿಲ ಕೊಡಬೇಕೆಂಬುದು ಮೊದಲ ಉದ್ದೇಶ. ಎಲ್ಲ ಮನೆಗಳ ಅಡುಗೆಗೆ ಸಾಲುವಷ್ಟು ಅನಿಲ ಹುಟ್ಟಲಿಲ್ಲ. ಊರಿನವರಿಗಾದರೋ ಅದಕ್ಕಿಂತ ಮೊದಲು ಬೇಕಿದ್ದದ್ದು ಕುಡಿಯುವ ನೀರು. ಆಗ ವಿಜ್ಞಾನಿಗಳು ಹಟ ಹಿಡಿಯದೆ, ಅದೇ ಅನಿಲದಿಂದ ಎಂಜಿನ್ ಓಡಿಸಿ, ವಿದ್ಯುತ್ ತೆಗೆದು, 1987ರಲ್ಲಿ ಕೊಳವೆಬಾವಿಯ ನೀರನ್ನು ನಲ್ಲಿಗೆ ತಂದರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ಅನಿಲ ತೆಗೆದ ಮೇಲಿನ ಬಗ್ಗಡ ಗೊಬ್ಬರವಾಗಿ ವಾಪಸು ಸಿಗುತ್ತಿತ್ತು.

ಇದನ್ನು ಹೇಳಿದ್ದರ ಕಾರಣ ಇಷ್ಟು. ಇಂದಿನ ಅನುದಾನದ ಪದ್ಧತಿಯಲ್ಲಿ ಆ ಯೋಜನೆ ಇದ್ದಿದ್ದರೆ, ‘ಉದ್ದೇಶಿತ ಫಲಿತಾಂಶ: ಅಡುಗೆ ಅನಿಲ, ಸಾಧಿಸಿದ್ದು: ಇಲ್ಲ’ ಎಂದು ಬರೆದು ಕಡತ ಮುಚ್ಚುತ್ತಿದ್ದರು. ನಡುವೆ ಗುರಿ ಬದಲಿಸುವ ಸ್ವಾತಂತ್ರ್ಯ ಇದ್ದದ್ದರಿಂದ ಊರಿಗೆ ನೀರು ಬಂತು.

ಲೆಕ್ಕದ ಪುಸ್ತಕ

ಕುಣಿಗಲ್ಲಿನವರೇ, ಗುರಿ ಬದಲಿಸಲು ಇಂದಿಗೂ ಅವಕಾಶವಿದೆ. ಕೇಳಿ ಬದಲಿಸಬೇಕು. ಹೆಚ್ಚಿನವರು ಬದಲಿಸಿದ ಮೇಲೆ ಕೇಳುತ್ತಾರೆ, ಇಲ್ಲವೇ ಕೇಳುವುದೇ ಇಲ್ಲ.

ಕುಣಿಗಲ್ ಕುದುರೆ

ಕೇಳಿದ ಪತ್ರಕ್ಕೆ ಉತ್ತರ ಬರುವಷ್ಟರಲ್ಲಿ ಯೋಜನೆಯ ಅವಧಿ ಮುಗಿದಿರುತ್ತದೆ ಎಂಬುದನ್ನೂ ತಾವು ಸೇರಿಸಬೇಕು.

ಸೀಮೆಸುಣ್ಣ

ನಾನು ರಾಯಚೂರು ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ. ಕೋಟಿಗಳ ಚರ್ಚೆಯ ನಡುವೆ ಹತ್ತು ಸಾವಿರದ ಮಾತು ಆಡಲು ಅನುಮತಿ ಬೇಡುತ್ತೇನೆ.

ಇನ್‌ಸ್ಪೈರ್ ಮಾನಕ್ ಎಂಬ ಕೇಂದ್ರ ಯೋಜನೆಯಲ್ಲಿ ಮಕ್ಕಳ ಸ್ವಂತ ಯೋಚನೆಯನ್ನು ಶಾಲೆಯವರು ಆನ್‌ಲೈನಿನಲ್ಲಿ ಕಳುಹಿಸಬೇಕು. ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ನೇರವಾಗಿ ಮಗುವಿನ ಬ್ಯಾಂಕ್ ಖಾತೆಗೆ ಬರುತ್ತದೆ. ನಮ್ಮ ಎಂಟನೇ ತರಗತಿಯ ಹುಡುಗಿಯೊಬ್ಬಳು ರಜೆಯಲ್ಲಿ ಅವ್ವನ ಜೊತೆ ಹತ್ತಿ ಬಿಡಿಸಲು ಕೂಲಿಗೆ ಹೋಗುತ್ತಾಳೆ. ಒಣಗಿದ ಕಾಯಿಯ ತುದಿ ಉಗುರಿನ ಸಂದಿಗೆ ಚುಚ್ಚಿ ರಕ್ತ ಬರುತ್ತದೆ. ಅವಳು ಹಳೆಯ ಸೈಕಲ್ ಟ್ಯೂಬನ್ನು ಬೆರಳಿನ ಅಳತೆಗೆ ಕತ್ತರಿಸಿ, ತುದಿಯಲ್ಲಿ ಮಾತ್ರ ಒಳಗಡೆ ಬಟ್ಟೆ ಅಂಟಿಸಿ, ಮೂರು ಬೆರಳಿಗೆ ಮೂರು ಚೀಲ ಮಾಡಿದ್ದಳು. ಯೋಚನೆ ಆಯ್ಕೆಯಾಯಿತು.

ಹಣ ಬರಲಿಲ್ಲ. ಶಾಲೆಯ ದಾಖಲೆಯಲ್ಲಿ ಅವಳ ಹೆಸರಿನ ಹಿಂದೆ ತಂದೆಯ ಹೆಸರಿತ್ತು, ಆಧಾರ್‌ನಲ್ಲಿ ಮನೆತನದ ಹೆಸರಿತ್ತು, ಬ್ಯಾಂಕಿನಲ್ಲಿ ಬರೇ ಅವಳ ಹೆಸರು. ಮೂರನ್ನೂ ಒಂದು ಮಾಡಲು ನಾನು ಅವಳ ತಂದೆಯನ್ನು ಕರೆದುಕೊಂಡು ನಾಲ್ಕು ಸಲ ತಾಲ್ಲೂಕು ಕೇಂದ್ರಕ್ಕೆ ಹೋದೆ. ಪ್ರತಿ ಸಲವೂ ಅವರ ಒಂದು ದಿನದ ಕೂಲಿ ಹೋಯಿತು. ಹಣ ಬಂದದ್ದು ಜಿಲ್ಲಾ ಪ್ರದರ್ಶನಕ್ಕೆ ಎಂಟು ದಿನ ಮುಂಚೆ. ಆದರೂ ಹುಡುಗಿ ಪ್ರದರ್ಶನದಲ್ಲಿ ತನ್ನ ಬೆರಳುಚೀಲ ಹಾಕಿಕೊಂಡು ಹತ್ತಿ ಬಿಡಿಸಿ ತೋರಿಸಿದಳು. ತೀರ್ಪುಗಾರರೊಬ್ಬರು ‘ಇದರಲ್ಲಿ ತಂತ್ರಜ್ಞಾನ ಎಲ್ಲಿದೆ?’ ಎಂದು ಕೇಳಿದರು. ಅವಳು ‘ಬೆರಳಿನ ತುದಿಯಾಗ ಐತ್ರೀ’ ಎಂದಳು.

ಯೋಜನೆ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಅದು ಇಲ್ಲದಿದ್ದರೆ ಆ ಹುಡುಗಿಯನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ನಾಲ್ಕನೇ ವರ್ಷ

ಸರ್, ಆ ಉತ್ತರಕ್ಕೇ ಬಹುಮಾನ ಕೊಡಬೇಕಿತ್ತು.

ರೈನ್ ದಂಡೆ

ನಾನು ಹುಬ್ಬಳ್ಳಿಯವನು, ಎಂಟು ವರ್ಷಗಳಿಂದ ಜರ್ಮನಿಯ ಸಂಶೋಧನಾಲಯವೊಂದರಲ್ಲಿದ್ದೇನೆ. ಇಲ್ಲಿ ಒಕ್ಕೂಟ ಸರ್ಕಾರ ಮತ್ತು ರಾಜ್ಯಗಳು ಒಪ್ಪಂದ ಮಾಡಿಕೊಂಡಿವೆ. ಮ್ಯಾಕ್ಸ್ ಪ್ಲಾಂಕ್, ಫ್ರೌನ್‌ಹೋಫರ್ ಮುಂತಾದ ಸಂಸ್ಥೆಗಳ ಸಮೂಹಗಳಿಗೂ ಜರ್ಮನ್ ಸಂಶೋಧನಾ ಪ್ರತಿಷ್ಠಾನಕ್ಕೂ 2021ರಿಂದ 2030ರವರೆಗೆ ಪ್ರತಿ ವರ್ಷ ಶೇ. 3ರಷ್ಟು ಹೆಚ್ಚಳ ನಿಶ್ಚಿತ. ಶೇ. 3 ಎಂದರೆ ದೊಡ್ಡ ಸುದ್ದಿಯೇನಲ್ಲ, ಬೆಲೆಯೇರಿಕೆ ಹೆಚ್ಚಿದ ವರ್ಷಗಳಲ್ಲಿ ಅದು ಏನಕ್ಕೂ ಸಾಲಲಿಲ್ಲ. ಆದರೆ ಮುಂದಿನ ವರ್ಷ ಎಷ್ಟು ಬರುತ್ತದೆ ಎಂದು ಈ ವರ್ಷವೇ ಗೊತ್ತಿರುತ್ತದೆ. ನಾನಿರುವ ವಿಭಾಗದಲ್ಲಿ ವರ್ಷಾಂತ್ಯದ ಡಿಸೆಂಬರ್ ಬಂದರೂ ಹಣ ಮುಗಿಸಲೆಂದು ಯಾರೂ ಓಡಾಡುವುದಿಲ್ಲ.

ನಮ್ಮಲ್ಲಿ ಬೇಕಾದದ್ದು ಈ ನಿಶ್ಚಿತತೆ. ತೆಳುಪದರ ಮೇಡಂ ಅವರಿಗೆ ಈಗ ಬಂದ ಮೊತ್ತದ ಅರ್ಧವೇ ಬಂದು, ಅದು ಏಪ್ರಿಲ್‌ನಲ್ಲಿ ಬಂದಿದ್ದರೆ, ಪೆಟ್ಟಿಗೆ ಕಾರಿಡಾರಿನಲ್ಲಿ ಉಳಿಯುತ್ತಿರಲಿಲ್ಲ ಎಂದು ನನ್ನ ಅನಿಸಿಕೆ.

ತಕರಾರು

ಪರದೇಶದಲ್ಲಿ ಕುಳಿತು ನಮ್ಮವರ ಅನುದಾನವನ್ನು ಅರ್ಧ ಮಾಡಿಬಿಟ್ಟಿರಲ್ಲ!

ರೈನ್ ದಂಡೆ

ಮಾತಿಗೆ ಹೇಳಿದೆ. ಆದರೂ ಅರ್ಥವನ್ನು ಹಿಂತೆಗೆದುಕೊಳ್ಳುವುದಿಲ್ಲ.

ಪೀಣ್ಯ ಎರಡನೇ ಹಂತ

ಪ್ರಯೋಗಾಲಯದಿಂದ ಕಾರ್ಖಾನೆಗೆ ತಂತ್ರಜ್ಞಾನ ದಾಟಿದ ನಮ್ಮದೇ ನಾಡಿನ ಉದಾಹರಣೆ ಪ್ರತಿ ಚುನಾವಣೆಯಲ್ಲೂ ನಮ್ಮ ಬೆರಳಿನ ಮೇಲಿರುತ್ತದೆ. ಅಳಿಸಲಾಗದ ಶಾಯಿಯ ಸೂತ್ರ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಕೇಂದ್ರದ ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮದ ಮೂಲಕ ಅದರ ಪರವಾನಗಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು 1937ರಲ್ಲಿ ಸ್ಥಾಪಿಸಿದ ಕಾರ್ಖಾನೆಗೆ, ಅಂದರೆ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್‌ಗೆ ಬಂತು. 1962ರ ಮಹಾಚುನಾವಣೆಯಿಂದ ಇಂದಿನವರೆಗೆ ಅದೇ ಶಾಯಿ. ಅದರೊಳಗಿನ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಗುಲಿ ಬೆಳಕು ಕಂಡೊಡನೆ ಕಪ್ಪಾಗುತ್ತದೆ. ಚರ್ಮದ ಮೇಲ್ಪದರ ಉದುರಿ ಉಗುರು ಬೆಳೆದ ಮೇಲಷ್ಟೇ ಗುರುತು ಹೋಗುತ್ತದೆ. ವಿದೇಶಗಳಿಗೂ ರಫ್ತಾಗುತ್ತದೆ.

ತಕರಾರು

ಅರವತ್ತು ವರ್ಷಗಳಿಂದ ಇದೊಂದೇ ಉದಾಹರಣೆ ಕೇಳುತ್ತಿದ್ದೇವೆ. ಕೊಳ್ಳುವವರು ಯಾರೆಂಬುದು ಸೂತ್ರ ಬರೆಯುವ ಮೊದಲೇ ಗೊತ್ತಿದ್ದ ವಸ್ತು ಅದು. ಎಷ್ಟು ಬಾಟಲಿ ಬೇಕು, ಯಾವಾಗ ಬೇಕು ಎಂದು ಚುನಾವಣಾ ಆಯೋಗವೇ ಹೇಳುತ್ತದೆ. ಮೇಡಂ ಅವರ ಅಮೋನಿಯ ಸಂವೇದಕವನ್ನು ಯಾರು ಕೊಳ್ಳುತ್ತಾರೆ?

ಪೀಣ್ಯ ಎರಡನೇ ಹಂತ

ಕೋಳಿ ಫಾರಂನವರು ಕೊಳ್ಳುತ್ತಾರೆ. ಹಿಕ್ಕೆಯಿಂದ ಏಳುವ ಅಮೋನಿಯ ಹೆಚ್ಚಾದರೆ ಕೋಳಿಗಳ ಕಣ್ಣು, ಶ್ವಾಸಕೋಶ ಎರಡೂ ಕೆಡುತ್ತವೆ. ಶೀತಲಗೃಹದವರೂ ಕೊಳ್ಳುತ್ತಾರೆ, ಅಲ್ಲಿ ತಂಪು ಮಾಡುವ ಅನಿಲವೇ ಅಮೋನಿಯ. ಈಗ ಅವರು ಕೊಳ್ಳುತ್ತಿರುವುದು ಹೆಚ್ಚಾಗಿ ಆಮದು ಮಾಲು. ಆದರೆ ನಿಮ್ಮ ಶಾಯಿಯ ಮಾತಿನಲ್ಲಿ ಸತ್ಯವಿದೆ. ಸರ್ಕಾರ ಹಣ ಕೊಡುವುದಕ್ಕಿಂತ, ಕೊಳ್ಳುತ್ತೇನೆಂದು ಮೊದಲೇ ಮಾತು ಕೊಟ್ಟರೆ ನಮ್ಮಂಥ ಘಟಕಗಳಿಗೆ ಹೆಚ್ಚು ಉಪಕಾರವಾಗುತ್ತದೆ.

ತೆಳುಪದರ

ಕೋಳಿ ಫಾರಂನ ವಿಷಯವನ್ನು ನನ್ನ ಪ್ರಸ್ತಾವದಲ್ಲಿ ಒಂದು ಸಾಲಿನಲ್ಲಿ ಬರೆದಿದ್ದೆ. ನಿಜವಾದ ಕೋಳಿ ಫಾರಂಗೆ ಮಾತ್ರ ಇದುವರೆಗೆ ಹೋಗಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಕುಣಿಗಲ್ ಕುದುರೆ

ಹೋಗಿ ಬನ್ನಿ. ಬೆಳಗಿನ ಜಾವ, ಬದಿಯ ಪರದೆಗಳನ್ನು ಇನ್ನೂ ಎತ್ತುವ ಮೊದಲು ಹೋಗಬೇಕು, ಆಗ ವಾಸನೆ ಕಣ್ಣಿಗೇ ತಿಳಿಯುತ್ತದೆ. ಅಂದಹಾಗೆ ಕೋಳಿಯ ಮಾತು ಬಂದದ್ದರಿಂದ ನೆನಪಾಯಿತು, ನಮ್ಮ ಕಡೆಯ ನಾಟಿಕೋಳಿ ಸಾರು...

ನಿರ್ವಾಹಕ

ಸಾರಿಗೆ ಬೇರೆ ಎಳೆಯಿದೆ. ದಯವಿಟ್ಟು ವಿಷಯಕ್ಕೆ ಮರಳಿ.

ನಾಲ್ಕನೇ ವರ್ಷ

ಕಳೆದ ವರ್ಷ ಖರೀದಿ ನಿಯಮಗಳನ್ನು ಸಡಿಲಿಸಿದರೆಂದು ಓದಿದೆ. ಅದು ಮೇಡಂ ಅವರಿಗೆ ಅನ್ವಯಿಸುವುದಿಲ್ಲವೇ?

ಲೆಕ್ಕದ ಪುಸ್ತಕ

ಒಳ್ಳೆಯ ಪ್ರಶ್ನೆ. 2025ರ ಜೂನ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ವೈಜ್ಞಾನಿಕ ಸಂಸ್ಥೆಗಳಿಗೆ ಸಡಿಲಿಕೆ ಕೊಟ್ಟಿದೆ. ಕೊಟೇಶನ್ ಇಲ್ಲದೆ ನೇರವಾಗಿ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷಕ್ಕೂ, ಖರೀದಿ ಸಮಿತಿಯ ಮೂಲಕ ಕೊಳ್ಳುವ ಮಿತಿ 10 ಲಕ್ಷದಿಂದ 25 ಲಕ್ಷಕ್ಕೂ ಏರಿದೆ. ಸರ್ಕಾರಿ ಖರೀದಿಗೆಂದೇ ಇರುವ ಜೆಮ್ ಪೋರ್ಟಲ್ ಬಿಟ್ಟು ಹೊರಗಡೆ ವೈಜ್ಞಾನಿಕ ಉಪಕರಣ ಕೊಳ್ಳಲು ನಿರ್ದೇಶಕರು, ಕುಲಪತಿಗಳೇ ಅನುಮತಿ ಕೊಡಬಹುದು. ಇದು ಸಂಶೋಧಕರು ಬಹುಕಾಲದಿಂದ ಕೇಳುತ್ತಿದ್ದದ್ದೇ.

ಆದರೆ ರಾಜ್ಯ ವಿಶ್ವವಿದ್ಯಾಲಯದ ಹಣಕಾಸು ಅಧಿಕಾರಿಯ ಮೇಜಿನ ಮೇಲೆ ಇರುವುದು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, ಅಂದರೆ ನಾವೆಲ್ಲ ಕೆಟಿಪಿಪಿ ಎನ್ನುವುದು. ಹಣ ಕೇಂದ್ರದ್ದು, ಆಡಿಟ್ ಮಾಡುವವರು ರಾಜ್ಯದವರೂ ಹೌದು. ಯಾವ ಪುಸ್ತಕ ಹಿಡಿಯಬೇಕೆಂಬ ಸಂಶಯ ಬಂದಾಗ ಅಧಿಕಾರಿ ಎರಡರಲ್ಲಿ ಬಿಗಿಯಾದದ್ದನ್ನೇ ಹಿಡಿಯುತ್ತಾನೆ. ನಾನೂ ಹಾಗೆಯೇ ಹಿಡಿಯುತ್ತಿದ್ದೆ. ಉಪಕರಣ ಬರದಿದ್ದರೆ ನನಗೆ ಯಾರೂ ನೋಟಿಸ್ ಕೊಡುತ್ತಿರಲಿಲ್ಲ, ನಿಯಮ ಮೀರಿ ಬಂದರೆ ನಿವೃತ್ತಿಯ ನಂತರವೂ ಕೊಡುತ್ತಿದ್ದರು. ನಿಜ ಹೇಳಬೇಕೆಂದರೆ, ಒಬ್ಬ ಪ್ರಾಧ್ಯಾಪಕರ ಆಕ್ಷೇಪಣೆಯ ಕಡತವನ್ನು ತೀರಿಸಿಕೊಡಲು ನನಗೆ ಏಳು ವರ್ಷ ಹಿಡಿಯಿತು. ಅಷ್ಟರಲ್ಲಿ ಆ ಉಪಕರಣವನ್ನು ಗುಜರಿಗೆ ಹಾಕುವ ಕಡತವೂ ನನ್ನ ಮುಂದೆಯೇ ಬಂದಿತ್ತು.

ರೈನ್ ದಂಡೆ

ಇದನ್ನು ಇಷ್ಟು ನೇರವಾಗಿ ಯಾರೂ ಬರೆದದ್ದನ್ನು ನಾನು ಓದಿರಲಿಲ್ಲ. ಧನ್ಯವಾದ.

ತಕರಾರು

ನಾನೂ ಒಪ್ಪುತ್ತೇನೆ, ಅಪರೂಪಕ್ಕೆ. ಹಾಗಾದರೆ ಮೇಡಂ ಈಗ ಏನು ಮಾಡಬೇಕು? ಅದನ್ನೂ ಹೇಳಿ.

ಲೆಕ್ಕದ ಪುಸ್ತಕ

ಮಾಡಬೇಕಾದದ್ದು ಇಷ್ಟು. ಮಾರ್ಚ್ 31ರೊಳಗೆ ನಿಜವಾಗಿ ಮುಗಿಯುವ ಸಣ್ಣ ಖರ್ಚುಗಳನ್ನು, ಅಂದರೆ ರಾಸಾಯನಿಕ, ಗಾಜಿನ ಸಾಮಾನು, ಸಂಶೋಧನಾ ಸಹಾಯಕರ ವೇತನ ಇವನ್ನು ಮಾತ್ರ ಈಗ ಮಾಡಿ. ದೊಡ್ಡ ಉಪಕರಣಕ್ಕೆ ಟೆಂಡರ್ ಪ್ರಕ್ರಿಯೆ ಆರಂಭಿಸಿ, ಆದರೆ ಗಡುವಿಗೆ ಹೆದರಿ ಆರ್ಡರ್ ಹಾಕಬೇಡಿ. ಹಣ ಕೊಟ್ಟ ಸಂಸ್ಥೆಗೆ ಫೆಬ್ರುವರಿ ಮುಗಿಯುವ ಮೊದಲೇ ಒಂದು ಪತ್ರ ಬರೆಯಿರಿ. ಹಣ ಬಂದ ದಿನಾಂಕ, ಪ್ರಕ್ರಿಯೆ ಯಾವ ಹಂತದಲ್ಲಿದೆ, ಎಷ್ಟು ಮೊತ್ತ ಉಳಿಯಲಿದೆ, ಅದನ್ನು ಮುಂದಿನ ಆರ್ಥಿಕ ವರ್ಷದಲ್ಲಿ ಪುನಃ ಬಿಡುಗಡೆ ಮಾಡಬೇಕೆಂಬ ಕೋರಿಕೆ, ಇವಿಷ್ಟು ಒಂದೇ ಪುಟದಲ್ಲಿರಲಿ. ಏಪ್ರಿಲ್ ಮೊದಲ ವಾರದಲ್ಲೇ ಖರ್ಚಿನ ತಖ್ತೆಯನ್ನೂ ಜಿಎಫ್‌ಆರ್ (ಅದೇ ಸಾಮಾನ್ಯ ಹಣಕಾಸು ನಿಯಮಗಳ) 12-ಎ ನಮೂನೆಯ ವಿನಿಯೋಗ ಪ್ರಮಾಣಪತ್ರವನ್ನೂ ಕಳುಹಿಸಿ. ಮುಂದಿನ ಕಂತು ತಡವಾಗುವುದಕ್ಕೆ ನಾನು ಕಂಡ ದೊಡ್ಡ ಕಾರಣ ದೆಹಲಿಯದಲ್ಲ. ಈ ಪ್ರಮಾಣಪತ್ರ ನಮ್ಮದೇ ಕಟ್ಟಡದಲ್ಲಿ ಮೂರು ಸಹಿಗಳಿಗಾಗಿ ಜುಲೈವರೆಗೆ ಓಡಾಡುವುದು. ಕಡತವನ್ನು ನೀವೇ ಕೈಯಲ್ಲಿ ಹಿಡಿದು ಮೇಜಿನಿಂದ ಮೇಜಿಗೆ ಹೋಗಿ. ಇದು ಪ್ರಾಧ್ಯಾಪಕರು ಮಾಡಬೇಕಾದ ಕೆಲಸವಲ್ಲ ಎಂದು ನನಗೆ ಗೊತ್ತಿದೆ.

ತೆಳುಪದರ

ಪತ್ರದ ಕರಡು ಈ ರಾತ್ರಿಯೇ ಬರೆಯುತ್ತೇನೆ ಸರ್. ಬರೆದು ಇಲ್ಲೇ ಹಾಕಿದರೆ ಒಮ್ಮೆ ನೋಡಿಕೊಡುವಿರಾ?

ಲೆಕ್ಕದ ಪುಸ್ತಕ

ಹೆಸರು, ಮಂಜೂರಾತಿ ಸಂಖ್ಯೆಗಳನ್ನು ತೆಗೆದು ಹಾಕಿ. ನೋಡುತ್ತೇನೆ.

ಪೀಣ್ಯ ಎರಡನೇ ಹಂತ

ನನಗೆ ಆ ಪೆಟ್ಟಿಗೆಯೊಳಗಿನ ಪಂಪ್ ಕಾಡುತ್ತಿದೆ. ಪ್ರಯೋಗಾಲಯದ ರೋಟರಿ ಪಂಪ್ ಎಂದರೆ ಮೋಟಾರು ಹೆಚ್ಚೆಂದರೆ ಒಂದು ಎಚ್‌ಪಿ ಇರಬಹುದು. ಅದಕ್ಕಾಗಿ ತ್ರೀ ಫೇಸ್ ಲೈನ್ ಎಳೆಸಬೇಕಾಗಿಲ್ಲ. ಸಿಂಗಲ್ ಫೇಸ್ ತೆಗೆದುಕೊಂಡು ತ್ರೀ ಫೇಸ್ ಕೊಡುವ ವಿಎಫ್‌ಡಿ ಡ್ರೈವ್ ಎಂಬ ಸಾಧನ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೆಲವೇ ಸಾವಿರಕ್ಕೆ ಸಿಗುತ್ತದೆ. ಒಂದು ಷರತ್ತಿದೆ: ಅಂಥ ಡ್ರೈವ್ ಹೊರಗೆ ಕೊಡುವುದು 230 ವೋಲ್ಟ್ ಮಾತ್ರ. ಮೋಟಾರಿನ ನಾಮಫಲಕದಲ್ಲಿ 230/400 ಎಂದು ಎರಡೂ ಬರೆದಿದ್ದರೆ, ಟರ್ಮಿನಲ್ ಪೆಟ್ಟಿಗೆ ತೆರೆದು, ಸ್ಟಾರ್ ಎಂಬ ಜೋಡಣೆಯಿಂದ ಡೆಲ್ಟಾ ಎಂಬ ಜೋಡಣೆಗೆ ಪಟ್ಟಿ ಬದಲಿಸಿದರೆ ಆಯಿತು. ಬರೇ 400 ಎಂದಿದ್ದರೆ ಈ ಉಪಾಯ ನಡೆಯದು. ಫಲಕದ ಫೋಟೋ ತೆಗೆದು ಹಾಕಿ. ಎರಡು ವರ್ಷ ನಿಂತ ಪಂಪ್ ಆದ್ದರಿಂದ, ಓಡಿಸುವ ಮೊದಲು ಎಣ್ಣೆ ಬದಲಿಸುವುದನ್ನೂ ಅರ್ಥಿಂಗ್ ಪರೀಕ್ಷಿಸುವುದನ್ನೂ ಮರೆಯಬೇಡಿ.

ತಕರಾರು

ಮೊದಲೇ ಇಲ್ಲಿ ಕೇಳಿದ್ದರೆ ಎರಡು ವರ್ಷ ಉಳಿಯುತ್ತಿತ್ತು.

ತೆಳುಪದರ

ಈಗಷ್ಟೇ ಅಟೆಂಡರ್ ಅಣ್ಣನನ್ನು ಕರೆದು ಪೆಟ್ಟಿಗೆಯ ಒಂದು ಬದಿಯ ಹಲಗೆ ಬಿಚ್ಚಿಸಿದೆ. ವಾರಂಟಿ ಮುಗಿದಿರುವುದರಿಂದ ‘ಕಂಪನಿಯ ತಂತ್ರಜ್ಞರ ಸಮಕ್ಷಮದಲ್ಲಿ ಮಾತ್ರ ತೆರೆಯತಕ್ಕದ್ದು’ ಎಂಬ ಚೀಟಿಯನ್ನು ಲೆಕ್ಕಿಸಲಿಲ್ಲ. ಟಾರ್ಚ್ ಹಿಡಿದು ನೋಡಿದೆ. ಫಲಕದಲ್ಲಿ ಅರ್ಧ ಎಚ್‌ಪಿ, 230/400 ಎಂದು ಬರೆದಿದೆ. ಈ ಶನಿವಾರ ಬೆಂಗಳೂರಿಗೆ ಬರುತ್ತಿದ್ದೇನೆ, ಎಸ್‌ಪಿ ರೋಡಿನಲ್ಲಿ ಯಾವ ತುದಿಯಿಂದ ಹುಡುಕಲು ಆರಂಭಿಸಬೇಕೆಂದು ತಿಳಿಸಿ. ಇನ್ನು ಊಟದ ಡಬ್ಬಿ ಎಲ್ಲಿಡಬೇಕೆಂದು ವಿದ್ಯಾರ್ಥಿಗಳು ಕೇಳುತ್ತಿದ್ದಾರೆ.